ತಕಾವಿ: ಬರಗಾಲದ ತರುವಾಯ ರೈತನಿಗೆ ದೊರೆತ ನೆರವು

ದಕ್ಷಿಣ ದೇಶದ ಕ್ಷಾಮಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಮೃತರ ಲೆಕ್ಕವನ್ನು ಬರೆದಿರುವರು. ಗಂಜಿಯ ಕೇಂದ್ರಗಳು, ಕಾಮಗಾರಿಗಳಲ್ಲಿ ಕೊಟ್ಟ ಕೂಲಿ, ಧಾನ್ಯದ ಧಾರಣೆ, ರೈಲಿನಿಂದ ಬಂದಿಳಿದ ಅಕ್ಕಿಯ ಮೂಟೆಗಳು, ಇವೆಲ್ಲವೂ ವರದಿಗಳಲ್ಲಿ ವಿಸ್ತಾರವಾಗಿ ಸಿಕ್ಕುವುವು. ಮಳೆ ಬಿದ್ದೊಡನೆ ಅವುಗಳ ಧ್ವನಿ ತಗ್ಗುವುದು. ಮಳೆ ಬಂದರೆ ಬರ ಹೋಯಿತೆಂಬುದು ಪಟ್ಟಣದವರ ಎಣಿಕೆ. ಹಳ್ಳಿಯಲ್ಲಿ ಬೇರೊಂದು ಬಗೆಯ ಬರ ಆ ದಿನವೇ ಮೊದಲಾಗುವುದು. ಸಾಯದೆ ಉಳಿದ ರೈತನು ಹದವಾದ ಹೊಲದ ಬದುವಿನ ಮೇಲೆ ನಿಂತಾಗ ಅವನಿಗೆ ಹೂಡಲು ಎತ್ತಿಲ್ಲ. ಬಿತ್ತಕ್ಕೆಂದು ಕಟ್ಟಿಟ್ಟಿದ್ದ ಕಾಳನ್ನು ಮಕ್ಕಳಿಗೆ ಬೇಯಿಸಿ ಹಾಕಿಯಾಗಿದೆ. ಮನೆಯ ಮೇಲಣ ಹುಲ್ಲನ್ನು ಕಿತ್ತು ದನಕ್ಕೆ ಹಾಕಿ, ಕಡೆಗೆ ದನವೂ ಉಳಿಯಲಿಲ್ಲ. ಹದವು ಹತ್ತು ಹದಿನೈದು ದಿನ ಮಾತ್ರ ನಿಲ್ಲುವ ವಸ್ತು. ಅಷ್ಟರೊಳಗೆ ಯಾರಾದರೊಬ್ಬರು ಅವನಿಗೆ ಎತ್ತನ್ನೂ ಬೀಜವನ್ನೂ ಒದಗಿಸದಿದ್ದರೆ ಒಳ್ಳೆಯ ಮಳೆಯ ವರ್ಷವೂ ಅವನ ಪಾಲಿಗೆ ಬರದ ವರ್ಷವೇ. ಆ ಯಾರಾದರೊಬ್ಬರು ಯಾರು, ಅವರು ಏನನ್ನು ಕೊಟ್ಟರು, ಕೊಡುವಾಗ ಏನನ್ನು ಕೇಳಿದರು ಎಂಬುದು ಕನ್ನಡ ನಾಡಿನ ಆರ್ಥಿಕ ಚರಿತ್ರೆಯಲ್ಲಿ ವಿಚಾರಣೆಗೆ ಅರ್ಹವಾದ ಪ್ರಶ್ನೆಯಾಗಿದೆ.

ಈ ಎರಡನೆಯ ಘಟ್ಟದ ನೆರವಿಗೆ ಕಂದಾಯದ ದಫ್ತರಗಳಲ್ಲಿ ಬಹುಕಾಲದಿಂದ ಇದ್ದ ಹೆಸರು ತಕಾವಿ. ತಗಾವಿ, ತಕ್ಕಾವಿ ಎಂಬ ರೂಪಗಳೂ ಉಂಟು. ಶಬ್ದವು ಅರಬ್ಬೀ ಮೂಲದ್ದು. ಪಾರಸಿಯ ಮೂಲಕ ಸರಕಾರೀ ಲೆಕ್ಕಪತ್ರಗಳನ್ನು ಸೇರಿ ಅಲ್ಲಿಂದ ಶಾನುಭೋಗರ ಬಾಯಿಗೆ ಬಂದಿತು. ಬಲಪಡಿಸುವುದು, ತ್ರಾಣ ಕೊಡುವುದು ಎಂಬುದೇ ಅದರ ಮೂಲಾರ್ಥ. ಸಾಲವೆಂಬ ಅರ್ಥವು ಬಳಕೆಯಿಂದ ಬಂದದ್ದು. ಇದೇ ದಾರಿಯಲ್ಲಿ ಬಂದ ಇನ್ನೊಂದು ಅರಬ್ಬೀ ಶಬ್ದವು ತಗಾದೆ. ಕೊಟ್ಟದ್ದನ್ನು ಹಿಂದಕ್ಕೆ ಕೇಳಿ ಪೀಡಿಸುವುದು ಎಂದು ಅದರ ಅರ್ಥ. ಎರಡಕ್ಕೂ ಮೂಲದಲ್ಲಿ ಸಂಬಂಧವಿಲ್ಲ. ಆದರೂ ಒಬ್ಬನೇ ಶಾನುಭೋಗನ ಬಾಯಿಂದ ಮುಂಗಾರಿನಲ್ಲಿ ಒಂದನ್ನೂ ಸುಗ್ಗಿಯಲ್ಲಿ ಮತ್ತೊಂದನ್ನೂ ಕೇಳುತ್ತಿದ್ದ ರೈತನಿಗೆ ಅವು ಜೋಡುನುಡಿಗಳಂತೆ ತೋರಿದ್ದರೆ ಆಶ್ಚರ್ಯವಿಲ್ಲ.

ಶಬ್ದವು ಹೊರಗಿನದಾದರೂ ಪದ್ಧತಿಯು ಹೊರಗಿನದಲ್ಲ. 1909ರಲ್ಲಿ ಆರ್. ಶಾಮಶಾಸ್ತ್ರಿಗಳು ಮೈಸೂರಿನ ಓರಿಯಂಟಲ್ ಲೈಬ್ರರಿಯ ಓಲೆಯ ಪ್ರತಿಯಿಂದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಅಚ್ಚುಹಾಕಿಸಿದ ಮೇಲೆ ಇದು ಸ್ಪಷ್ಟವಾಯಿತು. ಆ ಗ್ರಂಥದ ಕಾಲನಿರ್ಣಯದಲ್ಲಿ ವಿದ್ವಾಂಸರಿಗೆ ಈಗಲೂ ಒಮ್ಮತವಿಲ್ಲ; ಆದರೆ ಅದರಲ್ಲಿ ಹೇಳಿರುವ ವಿಷಯಕ್ಕೆ ಅದರಿಂದ ಬಾಧಕವಿಲ್ಲ. ಹೊಸ ಜನಪದವನ್ನು ನೆಲೆಗೊಳಿಸುವ ಪ್ರಕರಣದಲ್ಲಿ, ರಾಜನು ಬೇಸಾಯಗಾರರಿಗೆ ಧಾನ್ಯ, ಪಶು, ಹಣಗಳನ್ನು ಕೊಟ್ಟು ಉಪಕರಿಸಬೇಕೆಂದೂ ಅವರು ಅದನ್ನು ತಮಗೆ ಅನುಕೂಲವಾದಂತೆ ಹಿಂದಿರುಗಿಸಬೇಕೆಂದೂ ವಿಧಿಸಿದೆ. ದೈವಿಕ ವಿಪತ್ತುಗಳಿಗೆ ಪ್ರತೀಕಾರವನ್ನು ಹೇಳುವ ಪ್ರಕರಣದಲ್ಲಿ, ದುರ್ಭಿಕ್ಷ ಬಂದಾಗ ಬೀಜವನ್ನೂ ಅನ್ನವನ್ನೂ ಒಟ್ಟಿಗೆ ಒದಗಿಸಬೇಕೆಂದಿದೆ. ಹಸಿದವನಿಗೆ ಅನ್ನವನ್ನು ಮಾತ್ರ ಕೊಟ್ಟು ಬೀಜವನ್ನು ಮರೆತರೆ ಮುಂದಿನ ವರ್ಷವೂ ಅನ್ನವನ್ನೇ ಕೊಡಬೇಕಾಗುವುದೆಂಬ ತಿಳಿವಳಿಕೆ ಇದರಲ್ಲಿದೆ. ಇದನ್ನು ಕೇವಲ ಕರುಣೆಯೆಂದು ತಿಳಿಯಲಾಗದು. ಬೊಕ್ಕಸವನ್ನು ಬೆಳೆಸುವಂಥ ಅನುಗ್ರಹವನ್ನೇ ಮಾಡಬೇಕು, ಬೊಕ್ಕಸವನ್ನು ಕೆಡಿಸುವಂಥದನ್ನು ಬಿಡಬೇಕು ಎಂದೂ ಅದೇ ಗ್ರಂಥಕಾರನು ಎಚ್ಚರಿಸಿರುವನು. ಮುಂದೆ ತಕಾವಿಯ ಚರಿತ್ರೆಯುದ್ದಕ್ಕೂ ಈ ಎರಡು ಎಳೆಗಳು ಹೆಣೆದುಕೊಂಡೇ ಹೋಗಿರುವುವು.

ಇನ್ನು ನಮ್ಮ ಶಾಸನಗಳು. ಇವುಗಳಲ್ಲಿ ರೈತನಿಗೆ ಎತ್ತು ಬೀಜಗಳಿಗಾಗಿ ಸಾಲ ಕೊಟ್ಟ ಸಂಗತಿಯನ್ನು ಹುಡುಕುವವನಿಗೆ ನಿರಾಶೆಯಾಗುವುದು. ಹೇರಳವಾಗಿ ದೊರೆಯುವುದು ಕೆರೆಯ ವಿಷಯ. ಬಿತ್ತುವಟ್ಟ, ಕೆರೆಗೊಡಗೆ, ಕಟ್ಟುಗೊಡಗೆ ಎಂಬ ಮಾತುಗಳು ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಲ್ಲಿ ಮತ್ತೆ ಮತ್ತೆ ಬರುವುವು. ಕೆರೆಯನ್ನು ಕಟ್ಟಿಸಿದವನಿಗೂ, ಒಡೆದ ಏರಿಯನ್ನು ಸರಿಪಡಿಸಿದವನಿಗೂ, ವರ್ಷವರ್ಷವೂ ಹೂಳೆತ್ತುವ ಬಂಡಿಯನ್ನು ನಡೆಸುವವನಿಗೂ ಭೂಮಿಯನ್ನು ಬಿಡುವ ಏರ್ಪಾಟುಗಳಿವು. ಕ್ರಿ. ಶ. 1369ರ ಪೋರುಮಾಮಿಳ್ಳ ಶಾಸನವು ಕನ್ನಡನಾಡಿನ ಹೊರಗೆ ಕಡಪ ಸೀಮೆಯದಾದರೂ ವಿಜಯನಗರದ ಅರಸುಮನೆತನದ್ದೇ ಆದುದರಿಂದ ಇಲ್ಲಿ ಪ್ರಸ್ತುತವಾಗಿದೆ. ಬುಕ್ಕರಾಯನ ಮಗನಾದ ಭಾಸ್ಕರ ಭವದೂರನು ಕಟ್ಟಿಸಿದ ಆ ಕೆರೆಗೆ ಎರಡು ವರ್ಷ ಕಾಲ ಸಾವಿರ ಆಳುಗಳೂ ನೂರು ಬಂಡಿಗಳೂ ದುಡಿದವೆಂದು ಅದರಲ್ಲಿ ಹೇಳಿದೆ. ಒಳ್ಳೆಯ ಕೆರೆಗೆ ಬೇಕಾದ 12 ಸಾಧನಗಳನ್ನೂ ಕೆರೆಯನ್ನು ಕೆಡಿಸುವ 6 ದೋಷಗಳನ್ನೂ ಎಣಿಸಿದೆ.

ವಿಪತ್ತಿನ ಬಳಿಕ ನೆರವನ್ನು ಹುಡುಕಿದ ಪ್ರಸಂಗಕ್ಕೆ ಹರಿಹರದ ಶಾಸನಗಳು ಹೆಚ್ಚು ಹತ್ತಿರವಾದ ಉದಾಹರಣೆ. ಅಲ್ಲಿ ಹರಿದ್ರಾ ಹೊಳೆಗೆ 1410ರಲ್ಲಿ ಅಣೆಕಟ್ಟನ್ನು ಕಟ್ಟಿ, ಕಾಲುವೆಯ ಕೆಳಗಣ ಭೂಮಿಯನ್ನು ದೇವರಿಗೂ ಬ್ರಾಹ್ಮಣರಿಗೂ ಹಂಚಿದರು. ಹದಿನಾಲ್ಕು ವರ್ಷಗಳೊಳಗೆ ಕಟ್ಟೆ ಒಡೆಯಿತು. 1424ರಲ್ಲಿ ವಿಜಯನಗರದ ಸೇನಾಧಿಪತಿಯೊಬ್ಬನ ನೆರವನ್ನು ಪಡೆದು ಅದನ್ನು ಮರಳಿ ಕಟ್ಟಿದರು. ಒಡೆದ ಕಟ್ಟೆಯ ಕೆಳಗೆ ಗದ್ದೆಯುಳ್ಳವರು ಸುಮ್ಮನೆ ಕುಳಿತಿರಲಿಲ್ಲ. ಕೊಡಬಲ್ಲವನಾರೆಂದು ನೋಡಿ ಅವನ ಬಾಗಿಲಿಗೆ ಹೋದರು. ಹೀಗೆ ಹೋಗಬಲ್ಲವರು ದೇವಸ್ಥಾನದ ಆಶ್ರಯವೂ ವಿದ್ಯೆಯೂ ಉಳ್ಳವರಾಗಿದ್ದರೆಂಬುದನ್ನು ಮರೆಯಲಾಗದು. ದೇವರ ಮಾನ್ಯವಾಗಲಿ ಅಗ್ರಹಾರವಾಗಲಿ ಇಲ್ಲದ ಊರಿನ ಕೆರೆ ಒಡೆದಾಗ ಏನಾಯಿತೆಂಬುದಕ್ಕೆ ಕಲ್ಲಿನ ಸಾಕ್ಷಿ ದೊರೆಯುವುದು ಕಷ್ಟ.

ಒಟ್ಟಿನಲ್ಲಿ ಶಾಸನಗಳು ತೋರಿಸುವ ನೆರವು ನೀರಿಗೂ ನೆಲಕ್ಕೂ ಸಂಬಂಧಿಸಿದ್ದು, ಒಬ್ಬೊಬ್ಬ ರೈತನಿಗೆ ಸಂಬಂಧಿಸಿದ್ದಲ್ಲ. ಇದರಿಂದ ಬಿಡಿ ರೈತನಿಗೆ ಅರಸರು ಏನನ್ನೂ ಕೊಡುತ್ತಿರಲಿಲ್ಲವೆಂದು ಸಾಧಿಸಹೊರಡುವುದು ಸರಿಯಲ್ಲ. ಕಲ್ಲಿನ ಮೇಲೆ ಕೆತ್ತುವುದು ದಾನವನ್ನು, ಆಚಂದ್ರಾರ್ಕವಾಗಿ ನಡೆಯಬೇಕಾದದ್ದನ್ನು. ಮುಂದಿನ ಸುಗ್ಗಿಗೆ ತೀರಿಹೋಗುವ ಕೈಸಾಲವನ್ನು ಯಾರೂ ಕಲ್ಲಿನಲ್ಲಿ ಬರೆಯಿಸುವುದಿಲ್ಲ. ಅದು ಕಡತದಲ್ಲಿ ಬರೆದು ಒರಸಿಹಾಕುವ ಲೆಕ್ಕ. ಹಾಗೆಯೇ, ಪ್ರಾಚೀನ ರಾಜರೆಲ್ಲರೂ ಬರದಲ್ಲಿ ಪ್ರಜೆಗಳನ್ನು ಮಕ್ಕಳಂತೆ ಸಾಕಿದರೆಂದು ಭಾವಾವೇಶದಿಂದ ಬರೆಯುವವರಿಗೂ ಈ ಆಧಾರಗಳು ಸಾಲವು.

ಮೊಗಲರ ಕಾಲದಲ್ಲಿ ತಕಾವಿಯು ಬರವಣಿಗೆಯ ಬೆಳಕಿಗೆ ಬರುವುದು. ಅಬುಲ್ ಫಜಲನ ಐನೆ ಅಕ್ಬರಿಯಲ್ಲಿ ಅಮಲ್‌ಗುಜಾರನೆಂಬ ಕಂದಾಯದ ಅಧಿಕಾರಿಗೆ ಕೊಟ್ಟಿರುವ ಸೂಚನೆಗಳಲ್ಲಿ, ಅವನು ಬೇಸಾಯಗಾರರಿಗೆ ಮಿತ್ರನಾಗಿರಬೇಕು, ಇಲ್ಲದವರಿಗೆ ಹಣವನ್ನು ಮುಂಗಡವಾಗಿ ಕೊಟ್ಟು ನಿಧಾನವಾಗಿ ವಸೂಲು ಮಾಡಬೇಕು ಎಂಬುದೂ ಒಂದು. ಮೈಸೂರಿನಲ್ಲಿ ಟಿಪ್ಪು ಸುಲ್ತಾನನು ತನ್ನ ಅಮಲ್ದಾರರಿಗೆ ಹೊರಡಿಸಿದ ಕಂದಾಯದ ನಿಬಂಧನೆಗಳನ್ನು ಬರಿಷ್ ಕ್ರಿಸ್ಪನು ಇಂಗ್ಲಿಷಿಗೆ ತಿರುಗಿಸಿ 1792ರಲ್ಲಿ ಕಲಕತ್ತೆಯಲ್ಲಿ ಪ್ರಕಟಿಸಿದನು. ಅದರಲ್ಲಿಯೂ ನೇಗಿಲು ಹೂಡಲು ಶಕ್ತಿಯಿಲ್ಲದ ಬಡರೈತರಿಗೆ ತಕಾವಿಯನ್ನು ಕೊಟ್ಟು ಸಾಗುವಳಿಯನ್ನು ಹೆಚ್ಚಿಸಬೇಕೆಂಬ ಆಜ್ಞೆ ಇದೆ. ನೇಗಿಲೊಂದಕ್ಕೆ ಇಷ್ಟು ವರಹವೆಂಬ ರೀತಿಯ ಲೆಕ್ಕ. ನೇಗಿಲಿಲ್ಲದ ಹೊಲದಿಂದ ಕಂದಾಯ ಬರದು ಎಂಬ ಅರಿವೇ ಈ ಔದಾರ್ಯದ ಬುಡದಲ್ಲಿದೆ. ಆದರೆ ಆಜ್ಞೆ ಎಷ್ಟು ಒಳ್ಳೆಯದಾದರೂ ಯುದ್ಧದ ಎದುರಿನಲ್ಲಿ ನಿಲ್ಲುವಂಥದಲ್ಲ. ಆ ಪುಸ್ತಕ ಅಚ್ಚಾದ ಕಾಲದಲ್ಲಿಯೇ, ಎಂದರೆ 1791-92ರಲ್ಲಿ, ಉತ್ತರದ ಕನ್ನಡ ಜಿಲ್ಲೆಗಳು ಅನಾವೃಷ್ಟಿಯಿಂದಲೂ ದಂಡಿನ ಹಾವಳಿಯಿಂದಲೂ ಹಾಳಾಗುತ್ತಿದ್ದುವು. ಹೂಳುವವರಿಲ್ಲದೆ ನೆಲದ ಮೇಲೆಲ್ಲ ತಲೆಬುರುಡೆಗಳು ಬಿದ್ದಿದ್ದ ಕಾರಣ ಅದಕ್ಕೆ ಡೋಗಿ ಬರವೆಂಬ ಹೆಸರು ನಿಂತಿತು.

ಈಗ 1876-78ರ ಕ್ಷಾಮಕ್ಕೆ ಬರೋಣ. ಧಾತು ಸಂವತ್ಸರದಲ್ಲಿ ತೊಡಗಿ ಈಶ್ವರದಲ್ಲಿ ಮುಗಿದುದರಿಂದ ಜನರು ಇದನ್ನು ಧಾತು ಈಶ್ವರದ ಬರವೆಂದು ಕರೆದರು. ಮೈಸೂರು ಸಂಸ್ಥಾನವು ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. 1875ರಲ್ಲಿ ಮಳೆ ಕಡಿಮೆಯಾಯಿತು. 1876ರಲ್ಲಿ ಮುಂಗಾರೂ ಹಿಂಗಾರೂ ಎರಡೂ ತಪ್ಪಿದುವು. 1871ರ ಖಾನೇಷುಮಾರಿಯಲ್ಲಿ ಸಂಸ್ಥಾನದ ಜನಸಂಖ್ಯೆ 50,55,412 ಇದ್ದದ್ದು 1881ರಲ್ಲಿ 41,86,188ಕ್ಕೆ ಇಳಿಯಿತು. ಎಂಟು ಲಕ್ಷದ ಅರುವತ್ತೊಂಬತ್ತು ಸಾವಿರ ಜನರ ಈ ಕೊರತೆಯಲ್ಲಿ, ನಡುವಣ ಒಳ್ಳೆಯ ವರ್ಷಗಳಲ್ಲಿ ಹೆಚ್ಚಿರಬೇಕಾಗಿದ್ದವರು ಸೇರಿಲ್ಲ. ಸಂಸ್ಥಾನದ ಬೊಕ್ಕಸ ಬರಿದಾಗಿ ಇಂಡಿಯಾ ಸರಕಾರಕ್ಕೆ 80 ಲಕ್ಷ ರೂಪಾಯಿಗಳ ಸಾಲವಾಯಿತು. 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ರಾಜ್ಯವನ್ನು ಹಿಂದಿರುಗಿಸಿದಾಗ ಈ ಸಾಲವೂ ಜೊತೆಗೆ ಬಂದಿತು.

ಈ ಕ್ಷಾಮದ ಮೊದಲ ವರ್ಷದ ಕಥೆ ಚೆನ್ನಾಗಿ ತಿಳಿದದ್ದೇ ಆಗಿದೆ. ರಿಚರ್ಡ್ ಟೆಂಪಲನು ಇಳಿಸಿದ ಕೂಲಿಯ ದರ, ಮದರಾಸಿನ ವೈದ್ಯಾಧಿಕಾರಿಗಳು ಅದನ್ನು ವಿರೋಧಿಸಿದ್ದು, ಗಂಜಿಕೇಂದ್ರಗಳ ನೂಕುನುಗ್ಗಲು, ಇವನ್ನು ಇಲ್ಲಿ ಮತ್ತೆ ಹೇಳಬೇಕಾಗಿಲ್ಲ. ಪ್ರಕೃತಕ್ಕೆ ಬೇಕಾದದ್ದು 1877ರ ಉತ್ತರಾರ್ಧ. ಆಗಸ್ಟ್ 4ರಂದು ಮದರಾಸಿನಲ್ಲಿ ನೆರೆದ ಸಾರ್ವಜನಿಕ ಸಭೆಯು ಲಂಡನ್ನಿಗೆ ತಂತಿಯ ಮೂಲಕ ಮೊರೆಯಿಟ್ಟಿತು. ಲಂಡನಿನ ಲಾರ್ಡ್ ಮೇಯರನ ಮ್ಯಾನ್ಷನ್ ಹೌಸಿನಲ್ಲಿ ನಿಧಿಯೊಂದು ಆರಂಭವಾಯಿತು. ಕ್ಷಾಮ ನಿವಾರಣೆ ಸರಕಾರದ ಕೆಲಸ, ಅದರಲ್ಲಿ ಖಾಸಗಿಯವರು ಕೈಹಾಕಿದರೆ ಗೊಂದಲವಾಗುವುದೆಂದು ವೈಸರಾಯ್ ಲಿಟ್ಟನ್ನನಿಗೆ ಮೊದಲು ಈ ನಿಧಿಯ ವಿಷಯದಲ್ಲಿ ಸಮಾಧಾನವಿರಲಿಲ್ಲ. ಕಡೆಗೆ ಸರಕಾರವು ಜೀವವನ್ನು ಉಳಿಸುವುದು, ನಿಧಿಯು ಬದುಕನ್ನು ಮರಳಿ ಕಟ್ಟಿಕೊಡುವುದು ಎಂಬ ಬಗೆಯ ಒಂದು ಹಂಚಿಕೆ ಬಳಕೆಗೆ ಬಂದಿತು.

ಆ ಶರತ್ಕಾಲದಲ್ಲಿ ಮಳೆ ಬಂದಿತು. ಲಿಟ್ಟನ್ನನ ಭೇಟಿಯ ತರುವಾಯ ಮೈಸೂರಿಗೆ ಕ್ಷಾಮದ ಕಮಿಷನರಾಗಿ ಬಂದ ಚಾರ್ಲ್ಸ್ ಎಲಿಯಟ್ಟನ ಮುಂದೆ ಇದ್ದ ಸಮಸ್ಯೆ ಜನರನ್ನು ಬದುಕಿಸುವುದೊಂದೇ ಅಲ್ಲ, ಅವರನ್ನು ಊರಿಗೆ ಕಳುಹಿಸುವುದೂ ಆಗಿದ್ದಿತು. ಊರಿಗೆ ಹೋದವನು ಬರಿಗೈಯಲ್ಲಿ ಹೋದರೆ ಮರಳಿ ಗಂಜಿಗೇ ಬರುವನು. ಇಲ್ಲಿ ನಿಧಿಯ ಹಣವು ಉಪಯೋಗಕ್ಕೆ ಬಂದಿತು. ಎತ್ತು ಕೊಳ್ಳಲು, ಬೀಜ ಕೊಳ್ಳಲು, ಮನೆಯ ಮಾಡನ್ನು ಹೊದಿಸಲು ರೈತರಿಗೆ ಸಣ್ಣ ಸಣ್ಣ ಮೊತ್ತಗಳನ್ನು ಹಂಚಿದರು. ಮದರಾಸಿನ ಸಮಿತಿಯ ಕಾರ್ಯದರ್ಶಿಯಾಗಿದ್ದ ವಿಲಿಯಂ ಡಿಗ್ಬಿಯು ಈ ಕ್ಷಾಮವನ್ನು ಕುರಿತು 1878ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಹಂಚಿಕೆಗೆ ವಿಸ್ತಾರವಾದ ಸ್ಥಾನವುಂಟು. ಇದು ಸಾಲವಲ್ಲ, ದಾನ. ಜಾಮೀನನ್ನು ಯಾರೂ ಕೇಳಲಿಲ್ಲ; ಇವನು ನಿಜವಾಗಿಯೂ ರೈತನೇ, ಇವನಿಗೆ ಹೊಲ ಉಂಟೇ, ಎತ್ತು ಹೋಯಿತೇ ಎಂಬಷ್ಟನ್ನು ವಿಚಾರಿಸಿದರು. ಈ ವಿಚಾರಣೆಯೂ ಪಟೇಲ ಶಾನುಭೋಗರನ್ನು ಬಿಟ್ಟು ನಡೆಯುವಂತಿರಲಿಲ್ಲವಾದುದರಿಂದ ಯಾರ ಹೆಸರು ಪಟ್ಟಿಗೆ ಬಂದಿತು, ಯಾರದು ಬಿಟ್ಟುಹೋಯಿತು ಎಂಬ ಸಂದೇಹಕ್ಕೆ ಅವಕಾಶವು ಇದ್ದೇ ಇದೆ. ಹೊಲವಿಲ್ಲದ ಕೂಲಿಯವನಿಗೆ, ಹಿಂದಣ ವರ್ಷದವರೆಗೆ ಅದೇ ಹೊಲವನ್ನು ಉತ್ತಿದ್ದರೂ, ಎತ್ತಿನ ಹಣ ದೊರೆಯುವ ಹಾಗಿರಲಿಲ್ಲ.

ಕ್ಷಾಮದ ಅನುಭವವನ್ನು ವಿಚಾರಿಸಲು ರಿಚರ್ಡ್ ಸ್ಟ್ರೇಚಿಯ ಅಧ್ಯಕ್ಷತೆಯಲ್ಲಿ ನೇಮಿಸಿದ ಆಯೋಗವು 1880ರಲ್ಲಿ ವರದಿಯನ್ನೊಪ್ಪಿಸಿತು. ಎಲಿಯಟ್ಟನು ಅದರ ಕಾರ್ಯದರ್ಶಿ. ಮುಂದೆ ಮೈಸೂರಿನ ದಿವಾನರಾದ ಸಿ. ರಂಗಾಚಾರ್ಲು ಅದರ ದೇಶೀಯ ಸದಸ್ಯರಲ್ಲೊಬ್ಬರು. ಹೀಗೆ ಮೈಸೂರಿನ ಹೊಲಗಳಲ್ಲಿ ಕಂಡದ್ದು ಇಡೀ ದೇಶದ ಕಾನೂನಿಗೆ ಮೂಲಸಾಮಗ್ರಿಯಾಯಿತು ಎನ್ನಬಹುದು. ಆಯೋಗದ ಬೆನ್ನಿಗೆ ಎರಡು ಕಾಯಿದೆಗಳು ಬಂದುವು. 1883ರ ಭೂಮಿ ಸುಧಾರಣೆಯ ಸಾಲಗಳ ಕಾಯಿದೆಯು ಬಾವಿ, ಕಟ್ಟೆ, ಒಡ್ಡುಗಳಿಗೆ ಸಂಬಂಧಿಸಿದ್ದು. ಪ್ರವಾಹದಿಂದಲೂ ಕೊರೆತದಿಂದಲೂ ಭೂಮಿಯನ್ನು ರಕ್ಷಿಸುವ, ಹೊಳೆಯ ಪಾಲಾದ ನೆಲವನ್ನು ಮರಳಿ ಸಾಗುವಳಿಗೆ ತರುವ ಕೆಲಸವೂ ಅದರಲ್ಲಿ ಸೇರಿದೆ. 1884ರ ಬೇಸಾಯಗಾರರ ಸಾಲಗಳ ಕಾಯಿದೆಯು ನಿಜವಾದ ತಕಾವಿಯ ಕಾಯಿದೆ. ಸಂಕಟದ ಪರಿಹಾರಕ್ಕೂ ಬೀಜ ಮತ್ತು ದನಗಳನ್ನು ಕೊಳ್ಳುವುದಕ್ಕೂ ಸಾಗುವಳಿಯ ಭೂಮಿಯುಳ್ಳವರಿಗೆ ಸಾಲ ಕೊಡಲು ಅದು ಅಧಿಕಾರ ಕೊಟ್ಟಿತು. ಸಾಲ ತೀರದಿದ್ದರೆ ಕಂದಾಯದ ಬಾಕಿಯಂತೆ ವಸೂಲು ಮಾಡಬಹುದು. ಒಂದು ಊರಿನವರು ಕೂಡಿ, ಒಬ್ಬರಿಗೊಬ್ಬರು ಹೊಣೆಯಾಗಿ, ಸಾಲ ಪಡೆಯಬಹುದು.

ಕಾಗದದ ಮೇಲೆ ಇದಕ್ಕಿಂತ ಉತ್ತಮವಾದ ಏರ್ಪಾಟನ್ನು ಕಾಣುವುದು ಕಷ್ಟ. ಬಡ್ಡಿಯು ಅನೇಕ ಕಡೆ ರೂಪಾಯಿಗೆ ವರ್ಷಕ್ಕೊಂದಾಣೆ, ಎಂದರೆ ನೂರಕ್ಕೆ ಆರೂಕಾಲು. ಸಾಹುಕಾರನ ಬಡ್ಡಿ ಇದರ ಎರಡರಷ್ಟು, ಮೂರರಷ್ಟು, ಕೆಲವೆಡೆ ಅದಕ್ಕೂ ಮೇಲೆ. ಹೀಗಿದ್ದರೂ ರೈತನು ಸಾಹುಕಾರನ ಮನೆಗೇ ಹೋಗುತ್ತಿದ್ದನು. ಇದು ರೈತನ ಅಜ್ಞಾನವೆಂದು ಕೆಲವು ಅಧಿಕಾರಿಗಳು ಬರೆದಿರುವರು. ವಿಚಾರಿಸಿ ನೋಡಿದರೆ ಅಜ್ಞಾನವು ಬರೆದವರದೆಂದು ತೋರುತ್ತದೆ. ತಕಾವಿಗೆ ಅರ್ಜಿ ಹಾಕಿದವನು ತಾಲೂಕು ಕಚೇರಿಗೆ ಹೋಗಬೇಕು. ಒಮ್ಮೆ ಹೋದರೆ ಆಗದು. ಅರ್ಜಿಯು ಶಾನುಭೋಗನ ವರದಿಗೆ ಬರಬೇಕು, ಭೂಮಿಯ ಬೆಲೆಯನ್ನು ಕಟ್ಟಬೇಕು, ಜಾಮೀನನ್ನು ಒಪ್ಪಿಸಬೇಕು, ಮಂಜೂರಾತಿ ಬರಬೇಕು, ಖಜಾನೆಯ ಬಾಗಿಲಲ್ಲಿ ಕಾಯಬೇಕು. ನಡುವೆ ಕೈ ಬದಲಾಗುವ ಕಾಸಿಗೆ ರಸೀತಿಯಿಲ್ಲ. ಇಷ್ಟರಲ್ಲಿ ಹದ ಆರಿಹೋಗುವುದು. ಸಾಹುಕಾರನಾದರೋ ರಾತ್ರಿ ಬಾಗಿಲು ತಟ್ಟಿದರೂ ಬೀಜವನ್ನು ಅಳೆದುಕೊಡುವನು. ಅಲ್ಲದೆ, ಬೆಳೆ ಮತ್ತೊಮ್ಮೆ ಕೆಟ್ಟರೆ ಅವನು ಬಡ್ಡಿಯನ್ನು ಅಸಲಿಗೆ ಸೇರಿಸಿ ಬರೆದುಕೊಂಡು ಸುಮ್ಮನಾಗುವನು. ಸರಕಾರದ ಕಂತು ಬಂದ ದಿನ ಬಂದೇ ತೀರುವುದು, ಕೊಡದಿದ್ದರೆ ಜಪ್ತಿ. ಅಗ್ಗವಾದ ಸಾಲಕ್ಕಿಂತ ಬಾಗುವ ಸಾಲವು ಬರದ ಸೀಮೆಯವನಿಗೆ ಬೇಕಾಗಿದ್ದಿತು. ಸಾಹುಕಾರನ ಬಾಗುವಿಕೆಯ ಕೊನೆಯಲ್ಲಿ ಹೊಲವೇ ಅವನದಾಗುತ್ತಿತ್ತೆಂಬುದೂ ಸತ್ಯವೇ. ರೈತನಿಗೆ ಅದು ತಿಳಿಯದ ಮಾತಲ್ಲ. ಅದು ಮುಂದಿನ ಮಾತು, ಬಿತ್ತನೆ ಇಂದಿನ ಮಾತು.

ನಷ್ಟವನ್ನು ಅಳೆಯುವ ಬಗೆಯೂ ಇಲ್ಲಿ ವಿಚಾರಾರ್ಹ. ಮುಂಬಯಿ ಇಲಾಖೆಗೆ ಸೇರಿದ್ದ ಧಾರವಾಡ, ಬಿಜಾಪುರ, ಬೆಳಗಾವಿಗಳಲ್ಲಿ ಬೆಳೆಯನ್ನು ಆಣೆಯ ಲೆಕ್ಕದಲ್ಲಿ ಅಂದಾಜು ಮಾಡುತ್ತಿದ್ದರು. ಹದಿನಾರಾಣೆ ಎಂದರೆ ತುಂಬಿದ ಬೆಳೆ. ನಾಲ್ಕಾಣೆಗಿಂತ ಕಡಿಮೆಯಾದರೆ ಆ ವರ್ಷದ ಕಂದಾಯದ ವಸೂಲಿಯನ್ನು ಪೂರ್ತಿಯಾಗಿ ತಡೆಯುವುದು, ನಾಲ್ಕರಿಂದ ಆರರ ಒಳಗಾದರೆ ಅರ್ಧವನ್ನು ತಡೆಯುವುದು ಎಂಬ ನಿಯಮ ಬಂದಿತು. ಬೆಳೆ ಮೂರಾಣೆಯೋ ಏಳಾಣೆಯೋ ಎಂಬುದು ಹೊಲದ ಬದುವಿನಲ್ಲಿ ನಿಂತು ಕಣ್ಣಳತೆಯಿಂದ ಹೇಳುವ ಮಾತು, ಹೇಳುವವನು ಸರಕಾರದವನು. 1918ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಗಾಂಧೀಜಿಯವರು ನಡೆಸಿದ ಸತ್ಯಾಗ್ರಹದ ಮೂಲ ಈ ಅಂದಾಜಿನ ವಿವಾದವೇ ಆಗಿದ್ದಿತು. ಆಣೆಯ ನಾಣ್ಯವೇ ಹೋದ ಮೇಲೂ ಆಣೆವಾರಿ ಎಂಬ ಮಾತು ಕಂದಾಯದ ಭಾಷೆಯಿಂದ ಬೇಗ ಹೋಗಲಿಲ್ಲ.

ನಿಯಮವಿದ್ದರೆ ಸಾಲದು, ನಿಯಮವಿದೆಯೆಂಬುದು ರೈತನಿಗೆ ತಿಳಿದಿರಬೇಕು. ಇದನ್ನು ಮೊದಲು ಗಟ್ಟಿಯಾಗಿ ಹಿಡಿದವರು ಪುಣೆಯ ಸಾರ್ವಜನಿಕ ಸಭೆಯವರು. 1896ರ ಮಳೆ ತಪ್ಪಿ ದಖ್ಖಣದ ಜಿಲ್ಲೆಗಳಲ್ಲಿಯೂ ಬಿಜಾಪುರದಲ್ಲಿಯೂ ಕ್ಷಾಮ ತಲೆಯೆತ್ತಿದಾಗ, ಬಾಲಗಂಗಾಧರ ತಿಲಕರ ನೇತೃತ್ವದಲ್ಲಿದ್ದ ಆ ಸಭೆಯು ಹಳ್ಳಿಗಳಿಗೆ ಜನರನ್ನು ಕಳುಹಿಸಿ, ಕ್ಷಾಮಸಂಹಿತೆಯಲ್ಲಿ ರೈತನಿಗೆ ಏನೇನು ದೊರೆಯಬೇಕೆಂದಿದೆಯೋ ಅದನ್ನು ದೇಶಭಾಷೆಯಲ್ಲಿ ತಿಳಿಯಹೇಳಿಸಿತು. ಸರಕಾರದ ನಿಯಮವನ್ನು ಸರಕಾರದ ಪ್ರಜೆಗಳಿಗೆ ಓದಿಹೇಳುವುದು ಅಪರಾಧವಾಗಬಾರದು. ಆದರೆ ಸರಕಾರಕ್ಕೆ ಅದು ಪ್ರಚೋದನೆಯಾಗಿ ಕಂಡಿತು. 1897ರಲ್ಲಿ ಸಭೆಗೆ ಇದ್ದ ಸರಕಾರೀ ಮನ್ನಣೆಯನ್ನು ಹಿಂತೆಗೆದುಕೊಂಡರು. ದೊರೆಯಬೇಕಾದ ನೆರವನ್ನು ಹುಡುಕಿಕೊಳ್ಳುವ ಕೆಲಸವೇ ರಾಜಕೀಯವಾಗಿ ಮಾರ್ಪಟ್ಟಿದ್ದಕ್ಕೆ ಇದೊಂದು ಮುಖ್ಯವಾದ ನಿದರ್ಶನ.

ಅದೇ ವರ್ಷದ ಧರ್ಮನಿಧಿಗೂ 1900ರ ನಿಧಿಗೂ ನಾಲ್ಕು ಉದ್ದೇಶಗಳನ್ನು ಗೊತ್ತುಮಾಡಿದರು. ಗಂಜಿಯ ಜೊತೆಗೆ ಸಣ್ಣಪುಟ್ಟ ಅನುಕೂಲಗಳು, ಅನಾಥ ಮಕ್ಕಳ ಪಾಲನೆ, ಮಾನವಂತರಾದ ಬಡವರಿಗೆ ಸಹಾಯ, ಕಡೆಯದಾಗಿ ಎಲ್ಲವನ್ನೂ ಕಳೆದುಕೊಂಡವರನ್ನು ಮೊದಲಿನ ಸ್ಥಿತಿಗೆ ತರುವುದು. ಖರ್ಚಿನಲ್ಲಿ ಈ ಕಡೆಯದೇ ಮೊದಲನೆಯದಾಯಿತು. ಎತ್ತಿಗೂ ಬೀಜಕ್ಕೂ ಹೋದ ಹಣವೇ ಹೆಚ್ಚು. ಆಂಟನಿ ಮ್ಯಾಕ್‌ಡೊನೆಲ್ಲನ ಅಧ್ಯಕ್ಷತೆಯ 1901ರ ಆಯೋಗವು ಇದರಿಂದ ಒಂದು ತತ್ತ್ವವನ್ನೇ ಎತ್ತಿಹಿಡಿಯಿತು. ಜನರು ಕುಸಿದ ಮೇಲೆ ಎತ್ತುವುದಕ್ಕಿಂತ ಕುಸಿಯುವ ಮೊದಲೇ ತಕಾವಿಯನ್ನು ಧಾರಾಳವಾಗಿ ಹಂಚಿ, ಕಂದಾಯದ ವಸೂಲಿಯನ್ನು ನಿಲ್ಲಿಸಿ, ಅವರ ಎದೆಗೆ ಧೈರ್ಯ ತುಂಬಬೇಕು. ಇದು ನೈತಿಕ ತಂತ್ರವೆಂದು ಅದರ ಮತ. ಆಯೋಗದವರಿಗೆ ಗೊತ್ತಿದ್ದಿತೋ ಇಲ್ಲವೋ, ತ್ರಾಣ ಕೊಡುವುದೆಂಬ ಶಬ್ದದ ಮೂಲಾರ್ಥಕ್ಕೆ ಇದು ಹಿಂದಿರುಗಿದಂತಾಯಿತು.

ಸರಕಾರದ ಕಚೇರಿಗೂ ಸಾಹುಕಾರನ ಮನೆಗೂ ನಡುವೆ ಮೂರನೆಯ ಬಾಗಿಲೊಂದನ್ನು ತೆರೆಯುವ ಪ್ರಯತ್ನವು ಸಹಕಾರದ್ದು. ಅದರ ಮೂಲವೂ ಕ್ಷಾಮದಲ್ಲಿಯೇ ಇದೆ. 1846-47ರ ಚಳಿಗಾಲದ ಬರದಲ್ಲಿ ಜರ್ಮನಿಯ ವೈಯರ್‌ಬುಷ್ ಎಂಬ ಹಳ್ಳಿಯಲ್ಲಿ ರೈಫೈಸನ್ ಎಂಬ ಮೇಯರನು ಹಿಟ್ಟನ್ನೂ ರೊಟ್ಟಿಯನ್ನೂ ಕಡವಾಗಿ ಕೊಡಲು ಕಟ್ಟಿದ ಸಂಘದಿಂದ ಆ ಚಳವಳಿಯ ಒಂದು ಕವಲು ಬೆಳೆಯಿತು. ಫ್ರೆಡರಿಕ್ ನಿಕಲ್ಸನ್ನನು 1895-97ರಲ್ಲಿ ಮದರಾಸು ಸರಕಾರಕ್ಕೆ ಒಪ್ಪಿಸಿದ ವರದಿಯು ಅದನ್ನು ಈ ದೇಶಕ್ಕೆ ಪರಿಚಯಿಸಿತು, 1904ರಲ್ಲಿ ಕಾಯಿದೆಯಾಯಿತು, 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಆ ಕಾಯಿದೆಯ ಮೇರೆಗೆ ದೇಶದ ಮೊತ್ತಮೊದಲಿನ ಸಂಘಗಳಲ್ಲೊಂದನ್ನು ಸ್ಥಾಪಿಸಿದರು. ಒಬ್ಬರಿಗೊಬ್ಬರು ಹೊಣೆಯಾಗುವ ತತ್ತ್ವವು ಒಬ್ಬನ ಎತ್ತು ಸತ್ತಾಗ ಚ್ಯುತಿಯಿಲ್ಲದೆ ನಡೆಯುವುದು. ಊರಿನ ಎತ್ತುಗಳೆಲ್ಲವೂ ಸತ್ತ ವರ್ಷ ಯಾರು ಯಾರಿಗೆ ಹೊಣೆ? ಬರದ ಸೀಮೆಯಲ್ಲಿ ಸಹಕಾರದ ಮುಖ್ಯ ತೊಡಕು ಇದೇ ಆಗಿ ಉಳಿಯಿತು. 1951-52ರಲ್ಲಿ ನಡೆದ ಅಖಿಲ ಭಾರತ ಗ್ರಾಮೀಣ ಸಾಲದ ಸಮೀಕ್ಷೆಯ ಪ್ರಕಾರ ಬೇಸಾಯಗಾರರು ಪಡೆದ ಸಾಲದಲ್ಲಿ ಸರಕಾರದ್ದು ನೂರಕ್ಕೆ 3.3, ಸಹಕಾರ ಸಂಘಗಳದು 3.1, ಸಾಹುಕಾರರದು ಸುಮಾರು 70. ತಕಾವಿಯ ಕಾಯಿದೆಗೆ ಅರುವತ್ತೇಳು ವರ್ಷವೂ ಸಹಕಾರಕ್ಕೆ ಅರ್ಧ ಶತಮಾನವೂ ತುಂಬುತ್ತಿದ್ದಾಗಿನ ಲೆಕ್ಕವಿದು.

ಈ ನಡುವೆ ಮೈಸೂರಿನಲ್ಲಿ ಒಬ್ಬರು ಬೇರೊಂದು ದಾರಿಯಲ್ಲಿ ಯೋಚಿಸಿದರು. ಸಂಸ್ಥಾನದ ಆರ್ಥಿಕ ಶಾಖೆಯಲ್ಲಿ ಅಧಿಕಾರಿಯಾಗಿದ್ದ ಜೆ. ಎಸ್. ಚಕ್ರವರ್ತಿಯವರು 1920ರಲ್ಲಿ ಬೇಸಾಯದ ವಿಮೆಯನ್ನು ಕುರಿತು ಇಂಗ್ಲಿಷಿನಲ್ಲಿ ಪುಸ್ತಕವನ್ನು ಪ್ರಕಟಿಸಿದರು. ಸಾಲವಾದರೆ ಬರದ ಭಾರವೆಲ್ಲ ರೈತನ ಮುಂದಿನ ವರ್ಷಗಳ ಮೇಲೆಯೇ ಬೀಳುವುದು. ದಾನವಾದರೆ ದಾನಿಯ ಮನಸ್ಸನ್ನು ಕಾಯಬೇಕು. ಒಳ್ಳೆಯ ವರ್ಷಗಳಲ್ಲಿ ರೈತನೇ ಸ್ವಲ್ಪ ಸ್ವಲ್ಪ ಕಟ್ಟಿ, ಕೆಟ್ಟ ವರ್ಷ ಹಕ್ಕಿನಿಂದ ಪಡೆಯುವಂತಾದರೆ ಇವೆರಡೂ ತಪ್ಪುವುವು. ಆದರೆ ಒಬ್ಬೊಬ್ಬನ ಬೆಳೆಯನ್ನೂ ಪರೀಕ್ಷಿಸಿ ನಷ್ಟವನ್ನು ಗೊತ್ತುಮಾಡಹೊರಟರೆ ಮತ್ತೆ ಅದೇ ಕಣ್ಣಳತೆ, ಅದೇ ಶಾನುಭೋಗ, ಅದೇ ವಿವಾದ. ಜೊತೆಗೆ ವಿಮೆಯುಂಟೆಂದು ರೈತನು ಕಳೆ ಕೀಳದೆ ಬಿಡುವ ಸಂಭವ. ಚಕ್ರವರ್ತಿಯವರ ಉಪಾಯವು ಸರಳವಾದದ್ದು: ಬೆಳೆಯನ್ನು ಅಳೆಯಬೇಡಿ, ಮಳೆಯನ್ನು ಅಳೆಯಿರಿ. ಒಂದು ಪ್ರದೇಶದ ಮಳೆಮಾಪಕದಲ್ಲಿ ಗೊತ್ತಾದ ಪ್ರಮಾಣಕ್ಕಿಂತ ಮಳೆ ಕಡಿಮೆಯಾದರೆ ಆ ಪ್ರದೇಶದ ವಿಮೆದಾರರೆಲ್ಲರಿಗೂ ವಿಚಾರಣೆಯಿಲ್ಲದೆ ಹಣ. ಮಾಪಕಕ್ಕೆ ದಾಕ್ಷಿಣ್ಯವಿಲ್ಲ, ಲಂಚವಿಲ್ಲ. ಕಳೆ ಕೀಳದವನಿಗೆ ಅದರಿಂದ ಲಾಭವೂ ಇಲ್ಲ.

ಯೋಜನೆಯು ಆಗ ಆಚರಣೆಗೆ ಬರಲಿಲ್ಲ. ವಿ. ಎಂ. ದಾಂಡೇಕರರು 1970ರ ದಶಕದಲ್ಲಿ ಪ್ರದೇಶವನ್ನು ಘಟಕವಾಗಿಟ್ಟುಕೊಂಡ ಬೆಳೆವಿಮೆಯನ್ನು ಮತ್ತೆ ಪ್ರತಿಪಾದಿಸಿದರು. 1985ರಲ್ಲಿ ಅದು ರಾಷ್ಟ್ರದ ಯೋಜನೆಯಾಯಿತು, 1999ರಲ್ಲಿಯೂ 2016ರಲ್ಲಿಯೂ ರೂಪ ಬದಲಾಯಿಸಿತು. ಚಕ್ರವರ್ತಿಯವರು ಹೇಳಿದಂತೆ ಮಳೆಯನ್ನೇ ಅಳತೆಗೋಲಾಗಿಟ್ಟುಕೊಂಡ ಹವಾಮಾನ ಆಧಾರಿತ ವಿಮೆಯನ್ನು ಕೇಂದ್ರ ಸರಕಾರವು 2007ರ ಮುಂಗಾರಿನಲ್ಲಿ ಪ್ರಯೋಗಕ್ಕೆ ತಂದಾಗ ಅದು ಮೊದಲಾದದ್ದು ಕರ್ನಾಟಕದಲ್ಲಿ. ಎಂಬತ್ತೇಳು ವರ್ಷಗಳ ಬಳಿಕ ಕಲ್ಪನೆಯು ಹುಟ್ಟಿದ ನೆಲಕ್ಕೇ ಬಂದಿತು. ಅದನ್ನು ಜಾರಿಗೆ ತಂದವರಲ್ಲಿ ಮೈಸೂರಿನ ಆ ಪುಸ್ತಕವನ್ನು ನೆನೆದವರು ಹೆಚ್ಚಿರಲಾರರು.

ಜಾರಿಗೆ ಬಂದೊಡನೆ ಎದ್ದ ತೊಡಕು ಹಳೆಯದೇ, ಬೇರೆ ವೇಷದಲ್ಲಿ. ಮಾಪಕವಿರುವುದು ಹೋಬಳಿಯ ಊರಿನಲ್ಲಿ, ಹೊಲವಿರುವುದು ಎರಡು ಹರದಾರಿ ಆಚೆ. ನಮ್ಮ ಬಯಲುಸೀಮೆಯ ಮಳೆ ಎತ್ತಿನ ಒಂದು ಕೋಡಿನ ಮೇಲೆ ಬಿದ್ದು ಇನ್ನೊಂದನ್ನು ಬಿಡುವಂಥದು. ಮಾಪಕದಲ್ಲಿ ನೀರು ನಿಂತು ಹೊಲ ಒಣಗಿದವನಿಗೆ ಏನೂ ಇಲ್ಲ. ಹೊಲ ತೊಯ್ದು ಮಾಪಕ ಒಣಗಿದವನಿಗೆ ಹಣ. 1988ರಲ್ಲಿ ಬರವನ್ನು ಕಾಣುವ ಘಟಕವಾಗಿ ಆರಂಭವಾಗಿ ಮುಂದೆ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆನಿಸಿದ ಸಂಸ್ಥೆಯು ಈ ದೂರವನ್ನು ಕಡಿಮೆ ಮಾಡಲು ಗ್ರಾಮ ಪಂಚಾಯಿತಿಗೊಂದರಂತೆ, ಒಟ್ಟು ಆರು ಸಾವಿರಕ್ಕೂ ಮಿಕ್ಕು, ತಾನಾಗಿಯೇ ಸುದ್ದಿ ಕಳುಹಿಸುವ ಮಳೆಮಾಪಕಗಳನ್ನು ನೆಟ್ಟಿತು. ಎತ್ತು ಸತ್ತ ರೈತನ ಹೆಸರು ಪಟ್ಟಿಯಲ್ಲಿದೆಯೇ ಎಂದು 1877ರಲ್ಲಿ ಪಟೇಲನನ್ನು ಕೇಳುತ್ತಿದ್ದ ಪ್ರಶ್ನೆಯನ್ನು ಈಗ ಪಂಚಾಯಿತಿಯ ಕಟ್ಟಡದ ಮೇಲಣ ಆ ಡಬ್ಬಿಗೆ ಕೇಳಬೇಕಾಗಿದೆ.